ಹಲಂತವಿಲ್ಲದ ಹತ್ತು ದಿನ

ಕಳೆದ ಮಳೆಗಾಲದ ಒಂದು ರಾತ್ರಿ ನಾವು 'ಕನ್ನಡ' ಎಂದು ಬರೆಯಹೋದದ್ದು ತೆರೆಯ ಮೇಲೆ 'ಕನನಡ' ಎಂದು ಮೂಡಿತು. ಬೆರಳು ತಪ್ಪಿರಬೇಕೆಂದು ಅಳಿಸಿ ಮತ್ತೆ ಬರೆದೆವು. ಮತ್ತೆ 'ಕನನಡ'. ಹಿಂದಿನ ಸಾಲುಗಳತ್ತ ಕಣ್ಣು ಹೊರಳಿಸಿದರೆ ಅಲ್ಲಿಯೂ ಇದೇ ಕಥೆ: 'ಅಮ್ಮ' 'ಅಮಮ'ಳಾಗಿದ್ದಳು, 'ಪುಸ್ತಕ' 'ಪುಸತಕ'ವಾಗಿತ್ತು, 'ರಾಷ್ಟ್ರ'ದ ಗಟ್ಟಿ ಗಂಟು ಬಿಚ್ಚಿಕೊಂಡು 'ರಾಷಟರ' ಎಂದು ಸಾಲಾಗಿ ನಿಂತಿತ್ತು. ಕೈಬರಹದ ಮೇಲೆ ಕಣ್ಣಿಟ್ಟು, ತೆರೆಯನ್ನು ನೋಡದೆ ಬೆರಳಾಡಿಸುವ ಅಭ್ಯಾಸ ನಮ್ಮದು. ಹಾಗಾಗಿ ಮೂರು ಪುಟಗಳಷ್ಟು ಬರಹ ಒತ್ತಕ್ಷರಗಳನ್ನು ಕಳೆದುಕೊಂಡ ಮೇಲೆಯೇ ನಮಗೆ ಎಚ್ಚರವಾದದ್ದು.

ಮೇಜಿನ ಮೇಲೆ ಇದ್ದದ್ದು ನಮ್ಮ ಬಳಗದ ಹಿರಿಯರೊಬ್ಬರ ನೋಟುಪುಸ್ತಕ. ಗದಗಿನ ಕಡೆಯಿಂದ ಹದಿಹರೆಯದಲ್ಲಿ ಮುಂಬಯಿಗೆ ಬಂದವರು. ಹಗಲಿಡೀ ಫೋರ್ಟಿನ ಕಚೇರಿಯೊಂದರಲ್ಲಿ ಇಂಗ್ಲಿಷ್ ಬೆರಳಚ್ಚು, ಸಂಜೆ ಸಂಘವೊಂದರ ಕನ್ನಡ ಬೆರಳಚ್ಚು ಯಂತ್ರದ ಮುಂದೆ ಆಮಂತ್ರಣ, ವರದಿ, ಠರಾವುಗಳ ಕೆಲಸ. ಈಗ ಎಂಬತ್ತು ದಾಟಿದೆ. ತಮ್ಮ ನೆನಪುಗಳನ್ನು 140 ಪುಟಗಳಲ್ಲಿ ಬರೆದಿಟ್ಟಿದ್ದಾರೆ. ದೃಷ್ಟಿ ತಿಂಗಳಿಂದ ತಿಂಗಳಿಗೆ ಮಂಕಾಗುತ್ತಿರುವುದರಿಂದ, ದಪ್ಪ ಅಕ್ಷರಗಳಲ್ಲಿ ಮುದ್ರಿಸಿ ಕೊಟ್ಟರೆ ಕಣ್ಣು ಪೂರಾ ಸೋಲುವ ಮೊದಲು ತಾವೇ ಒಮ್ಮೆ ಓದಿ ತಿದ್ದಬೇಕೆಂಬುದು ಅವರ ಆಸೆ. ಗಣೇಶ ಚೌತಿಯೊಳಗೆ ಮುಗಿಸಿಕೊಡುವೆವೆಂದು ನಾವು ಮಾತು ಕೊಟ್ಟಿದ್ದೆವು. ಅರವತ್ತು ಪುಟ ಬಾಕಿಯಿರುವಾಗ ಲ್ಯಾಪ್‌ಟಾಪು ಹೀಗೆ ಕೈಕೊಟ್ಟಿತು.

ಕೀಲಿಮಣೆ ಕೆಟ್ಟಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ದೋಷ ತಂತ್ರಾಂಶದಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದು. ಇದನ್ನು ಬಿಟ್ಟು ನೇರವಾಗಿ ಅಂಗಡಿಗೆ ಓಡುವವರು ಹಣ ತೆತ್ತು ಪೆಚ್ಚಾಗುವುದುಂಟು. ನಮ್ಮ ಬಳಗದ ಡೊಂಬಿವಲಿಯ ಗೆಳೆಯರೊಬ್ಬರಿಗೆ ಒಮ್ಮೆ 'ಕ' ಎಂದು ಒತ್ತಿದರೆ 2, 'ಲ' ಎಂದು ಒತ್ತಿದರೆ 3 ಬರತೊಡಗಿ, ಯಾರೋ ವೈರಸ್ ಬಿಟ್ಟಿದ್ದಾರೆಂದು ಗಾಬರಿಯಾಗಿದ್ದರು. ಹಳೆಯ ಸಣ್ಣ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ ಚಾಲೂ ಆದರೆ ಬಲಗೈಯ ಅಕ್ಷರ ಕೀಲಿಗಳೇ ಅಂಕಿಗಳಾಗುತ್ತವೆ, ಅಷ್ಟೇ. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ವಿಂಡೋಸ್ 'ಫಿಲ್ಟರ್ ಕೀಸ್' ಎಂಬ ಸೌಲಭ್ಯವನ್ನು ಎಬ್ಬಿಸಲು ಹೊರಡುತ್ತದೆ. ನೋಡದೆ ಒಪ್ಪಿಗೆ ಕೊಟ್ಟರೆ ಆಮೇಲೆ ಚುರುಕಾಗಿ ಒತ್ತಿದ ಅಕ್ಷರಗಳೇ ಮೂಡುವುದಿಲ್ಲ. ಕನ್ನಡ ಬರೆಯುವವರಿಗೆ ಇನ್ನೊಂದು ಗೊಂದಲ ಹೆಚ್ಚಿಗೆಯದು: ನಮಗೆ ಗೊತ್ತಾಗದೆಯೇ ಒಂದು ಕೀಲಿಮಣೆ ವಿನ್ಯಾಸದಿಂದ ಇನ್ನೊಂದಕ್ಕೆ ಜಾರಿಬಿಡುವುದು.

ನಮ್ಮ ಪ್ರಕರಣದಲ್ಲಿ ಇಂಗ್ಲಿಷಿಗೆ ಬದಲಾಯಿಸಿ ನೋಡಿದೆವು. 'ಎಫ್' ಅಕ್ಷರ ಅಲ್ಲಿಯೂ ಬರಲಿಲ್ಲ. ತೆರೆಯ ಮೇಲೆ ಕೀಲಿಮಣೆಯ ಚಿತ್ರವನ್ನು ತೆರೆದು ಮೌಸಿನಿಂದ ಎಫ್ ಒತ್ತಿದರೆ ಒತ್ತಕ್ಷರ ಅಚ್ಚುಕಟ್ಟಾಗಿ ಕೂಡಿಕೊಂಡಿತು. ಅಲ್ಲಿಗೆ ತಂತ್ರಾಂಶ ನಿರ್ದೋಷಿ. ಹೊರಗಿನ ಯುಎಸ್‌ಬಿ ಕೀಲಿಮಣೆಯೊಂದನ್ನು ಪಕ್ಕದ ಮನೆಯ ಹುಡುಗನಿಂದ ತಂದು ಜೋಡಿಸಿದಾಗಲೂ ಎಲ್ಲ ಸರಿ. ಯಂತ್ರ ಏಳುವ ಮೊದಲಿನ ಬಯೋಸ್ ಪರದೆಯಲ್ಲಿ ಮಾತ್ರ ಎಫ್ ಮತ್ತೆ ಮೂಕ. ಅಂದರೆ ವಿಂಡೋಸಿಗೂ ಇದಕ್ಕೂ ಸಂಬಂಧವಿಲ್ಲ, ಸತ್ತಿರುವುದು ಕೀಲಿಯೇ. ಲ್ಯಾಪ್‌ಟಾಪಿನ ಕೀಲಿಗಳ ಕೆಳಗೆ ತೆಳುವಾದ ಪೊರೆಗಳ ಮೇಲೆ ಅಡ್ಡ ಮತ್ತು ಉದ್ದ ವಾಹಕ ಗೆರೆಗಳ ಜಾಲವಿರುತ್ತದೆ. ಕೀಲಿ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಯನ್ನು ಮುಟ್ಟುತ್ತದೆ. ಯಾವ ಗೆರೆಗಳು ಕೂಡಿದವು ಎಂಬುದರಿಂದ ಯಾವ ಅಕ್ಷರ ಎಂದು ಯಂತ್ರ ಅರಿಯುತ್ತದೆ. ಗೆರೆಯೇ ತುಂಡಾದರೆ ಒಟ್ಟಿಗೆ ಐದಾರು ಕೀಲಿಗಳು ಸಾಯುತ್ತವೆ. ಒಂದೇ ಕೀಲಿ ಸತ್ತರೆ ದೋಷ ಆ ಒಂದು ಸಂಧಿಯದು: ಧೂಳು, ಚಹಾದ ಸಕ್ಕರೆ, ಇಲ್ಲವೇ ತುಕ್ಕು. ಕಡಲ ಗಾಳಿಯ ಉಪ್ಪು ಮತ್ತು ನಾಲ್ಕು ತಿಂಗಳ ತೇವವನ್ನು ಉಂಡ ಈ ಊರಿನಲ್ಲಿ ಕಿಟಕಿಯ ಸರಳೂ ಉಳಿಯುವುದಿಲ್ಲ, ಕೂದಲೆಳೆಯ ವಾಹಕ ಎಷ್ಟರದು.

ಆದರೆ ಒಂದು ಇಂಗ್ಲಿಷ್ ಅಕ್ಷರ ಹೋದರೆ ಕನ್ನಡದ ಒತ್ತುಗಳೆಲ್ಲ ಏಕೆ ಹೋಗಬೇಕು? ಇಪ್ಪತ್ತು ವರ್ಷಗಳಿಂದ ಆ ಕೀಲಿಯನ್ನು ದಿನಕ್ಕೆ ನೂರಾರು ಸಲ ಒತ್ತಿದ ನಾವು ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಅದು ಸತ್ತ ಮೇಲೆ. ಉತ್ತರ ಹುಡುಕುತ್ತ ಹೋದರೆ ಅದು ನಮ್ಮನ್ನು ಮುಂಬಯಿಯಲ್ಲೇ ಸುತ್ತಾಡಿಸಿತು.

ನಾವು ಬಳಸುವುದು ಕೆ. ಪಿ. ರಾವ್ ಅವರ ವಿನ್ಯಾಸವನ್ನು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್ 1940ರಲ್ಲಿ ಹುಟ್ಟಿದವರು. ವಿಜ್ಞಾನದ ಪದವಿ ಪಡೆದು ಈ ನಗರಕ್ಕೆ ಬಂದು ಅಣುವಿಜ್ಞಾನದ ಸಂಶೋಧನಾ ವಲಯದಲ್ಲಿ ಕೆಲಸ ಆರಂಭಿಸಿದ ಅವರು, ಆಮೇಲೆ ಪ್ರಭಾದೇವಿಯ ಟಾಟಾ ಪ್ರೆಸ್ ಸೇರಿ ಅಕ್ಷರ ಜೋಡಣೆಯ ಲೋಕಕ್ಕೆ ತಿರುಗಿಕೊಂಡರು. ಸೀಸದ ಮೊಳೆಗಳು ಹಿಂದೆ ಸರಿದು ಫೋಟೋ ಜೋಡಣೆಯ ಯಂತ್ರಗಳು ಬರುತ್ತಿದ್ದ ಕಾಲವದು. ಕನ್ನಡದಂಥ ಲಿಪಿಗೆ ಮುದ್ರಣದ ಮನೆಯಲ್ಲಿ ಬೇಕಾಗುತ್ತಿದ್ದ ಮೊಳೆಗಳು ನೂರಾರು: ಮೂಲಾಕ್ಷರ, ಗುಣಿತದ ರೂಪಗಳು, ಒತ್ತುಗಳು. ಇಷ್ಟನ್ನೂ ಕೀಲಿಮಣೆಯ ಮೇಲೆ ಹರಡಲು ಹೋದರೆ ಅದು ಕೀಲಿಮಣೆಯಾಗದೆ ಗೋಡೆಯಾಗುತ್ತದೆ. ರಾವ್ ಅವರು ಹಿಡಿದ ದಾರಿಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಬೆರಳು ಉಚ್ಚಾರವನ್ನಷ್ಟೇ ಹೇಳಲಿ, ಆಕಾರವನ್ನು ಯಂತ್ರ ಹುಡುಕಿಕೊಳ್ಳಲಿ. ವ್ಯಂಜನದ ನಂತರ 'ಇ' ಒತ್ತಿದರೆ ಗುಡಿಸು ತಾನಾಗಿ ಮೂಡುತ್ತದೆ. 'ಇ' ಒಂಟಿಯಾಗಿ ಬಂದರೆ ಸ್ವರವಾಗಿ ನಿಲ್ಲುತ್ತದೆ. ಗುಣಿತಕ್ಕೊಂದು ಸ್ವರಕ್ಕೊಂದು ಎಂದು ಎರಡು ಕೀಲಿಗಳು ಬೇಕಿಲ್ಲ. ಒತ್ತಕ್ಷರಕ್ಕೂ ಬೇರೆ ಕೀಲಿಗಳಿಲ್ಲ. ಎರಡು ವ್ಯಂಜನಗಳ ನಡುವೆ ಹಲಂತದ ಕೀಲಿಯನ್ನು ಒತ್ತಿದರೆ ಎರಡನೆಯದು ಮೊದಲನೆಯದರ ಕಾಲಬುಡಕ್ಕೆ ಇಳಿಯುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಹಿಡಿಸಿತು.

ಆ ಹಲಂತದ ಕೀಲಿಯೇ ಎಫ್. ಜಾಗ ನೋಡಿ: ಎಡಗೈಯ ತೋರುಬೆರಳು ವಿಶ್ರಮಿಸುವ ಸ್ಥಾನ, ಕತ್ತಲಲ್ಲೂ ಬೆರಳಿಗೆ ಸಿಗಲೆಂದು ಸಣ್ಣ ಉಬ್ಬುಗೆರೆ ಇರುವ ಎರಡು ಕೀಲಿಗಳಲ್ಲಿ ಒಂದು. ಎಫ್ ಎಂಬ ಉಚ್ಚಾರ ಕನ್ನಡದ ಹುಟ್ಟುಧ್ವನಿಯಲ್ಲ, 'ಫ'ಕ್ಕೆ 'ಪ'ದ ಕೀಲಿಯಲ್ಲೇ ಶಿಫ್ಟ್ ಒತ್ತಿದರಾಯಿತು. ಹಾಗಾಗಿ ಎಫ್ ಕೀಲಿ ಕನ್ನಡದ ಮಟ್ಟಿಗೆ ನಿರುದ್ಯೋಗಿ. ಅದೇ ರೀತಿ ಕೆಲಸವಿಲ್ಲದ 'ಕ್ಯು'ವಿಗೆ 'ಟ', 'ಡಬ್ಲ್ಯು'ಗೆ 'ಡ', 'ಎಕ್ಸ್'ಗೆ 'ಷ' ದೊರೆತವು. ನಿರುದ್ಯೋಗಿ ಕೀಲಿಗಳಲ್ಲಿ ಆಯಕಟ್ಟಿನ ಜಾಗದಲ್ಲಿದ್ದದ್ದು ಎಫ್. ಅದಕ್ಕೆ ಸಿಕ್ಕಿದ್ದು ಎಲ್ಲಕ್ಕಿಂತ ದುಡಿಮೆಯ ಕೆಲಸ. ಕೆ. ಪಿ. ರಾವ್ ಆ ಬಳಿಕ ಕನ್ನಡಕ್ಕೊಂದು ಬರವಣಿಗೆಯ ತಂತ್ರಾಂಶವನ್ನೇ ರೂಪಿಸಿ ಉಚಿತವಾಗಿ ಹಂಚಿದರು. ಅದಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ಛಂದಸ್ಸು ಮತ್ತು ಶಬ್ದಗಳ ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ಸಲ್ಲುವ ಹೆಸರು. 2000ದ ಸುಮಾರಿಗೆ ಕರ್ನಾಟಕ ಸರಕಾರ ಏಕರೂಪದ ಕೀಲಿಮಣೆಯನ್ನು ನಿಗದಿ ಮಾಡಿದಾಗ ಸಣ್ಣಪುಟ್ಟ ಮಾರ್ಪಾಡುಗಳೊಡನೆ ಆರಿಸಿಕೊಂಡದ್ದು ಈ ವಿನ್ಯಾಸವನ್ನೇ. ಕನ್ನಡ ಗಣಕ ಪರಿಷತ್ತಿನ 'ನುಡಿ' ಅದನ್ನು ಕಚೇರಿ ಕಚೇರಿಗೆ ಮುಟ್ಟಿಸಿತು. ಬೆಂಗಳೂರಿನ ಸಚಿವಾಲಯದ ಗುಮಾಸ್ತರ ತೋರುಬೆರಳು ದಿನವೂ ನಡೆಯುವ ದಾರಿಯ ಒಂದು ಕೊನೆ ಮುಂಬಯಿಯ ಮುದ್ರಣಾಲಯದಲ್ಲಿದೆ ಎಂಬುದನ್ನು ಹೊರನಾಡ ಕನ್ನಡಿಗರಾದ ನಾವು ಕೊಂಚ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಆ ರಾತ್ರಿ ನಮ್ಮ ನೋಟುಪುಸ್ತಕದ ಸಾಲಿನಲ್ಲಿದ್ದ ಒಂದು ಹೆಸರು 'ವಿಶ್ವೇಶ್ವರಯ್ಯ'. ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯಲ್ಲಿ ತಮ್ಮ ವೃತ್ತಿಜೀವನವನ್ನು ತೊಡಗಿದವರು ಅವರು. ಕರ್ನಾಟಕ ಸಂಘದ ಮಂದಿರಕ್ಕೆ ಅವರ ಹೆಸರಿರುವುದರಿಂದ ಈ ಊರಿನ ಕನ್ನಡ ಆಮಂತ್ರಣ ಪತ್ರಿಕೆಗಳಲ್ಲಿ ಆ ಹೆಸರು ಬಾರದ ತಿಂಗಳಿಲ್ಲ. ಕೆ. ಪಿ. ರಾವ್ ವಿನ್ಯಾಸದಲ್ಲಿ ಅದಕ್ಕೆ 13 ಒತ್ತುಗಳು, ಅವುಗಳಲ್ಲಿ 3 ಎಫ್. ಎಫ್ ಸತ್ತರೆ ಉಳಿಯುವುದು 'ವಿಶವೇಶವರಯಯ'. ಕುತೂಹಲಕ್ಕೆ ನಾವು 'ಬರಹ'ದ ರೀತಿಯಲ್ಲೂ ಎಣಿಸಿದೆವು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ' ನಮ್ಮಂಥ ಹೊರನಾಡಿಗರ, ಅದರಲ್ಲೂ ಸಾಗರದಾಚೆಯವರ, ಮೊದಲ ಕನ್ನಡ ಲೇಖನಿ. ಅಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದಂತೆಯೇ ಕನ್ನಡವನ್ನು ಬರೆಯುತ್ತೇವೆ. ಅಲ್ಲಿಯೂ 13 ಒತ್ತುಗಳೇ! ಆದರೆ ಅಲ್ಲಿ ಹಲಂತಕ್ಕೆ ಕೀಲಿಯೇ ಇಲ್ಲ. ವ್ಯಂಜನ ಹುಟ್ಟುವುದೇ ಅರ್ಧಾಕ್ಷರವಾಗಿ. 'ಅ' ಕಾರವನ್ನು ಬೇಡಿ ಪಡೆಯಬೇಕು. ಆದ್ದರಿಂದ ಅಲ್ಲಿ ಮೂರು ಸಲ ಬರುವುದು 'ಎ' ಕೀಲಿ. ಅದು ಸತ್ತರೆ ಅಕ್ಷರಗಳು ಚದುರುವುದಿಲ್ಲ, ಒಂದರ ಮೇಲೊಂದು ಬೀಳುತ್ತವೆ: 'ವಿಶ್ವೇಶ್ವ್ರ್ಯ್ಯ್'. ಸಂಜೆ ಆರೂವರೆಯ ವಿರಾರ್ ಲೋಕಲ್.

ಒಂದು ವಿನ್ಯಾಸದಲ್ಲಿ 'ಕ' ಎಂದರೆ ಪೂರ್ಣಾಕ್ಷರ, ಅದರ ಸ್ವರವನ್ನು ಕಳೆಯಲು ಒಂದು ಕೀಲಿ ಬೇಕು. ಇನ್ನೊಂದರಲ್ಲಿ 'ಕ್' ಮೂಲ, ಅದಕ್ಕೆ ಸ್ವರವನ್ನು ಕೂಡಿಸಲು ಕೀಲಿ ಬೇಕು. ಶಾಲೆಯಲ್ಲಿ ಕ, ಖ, ಗ ಎಂದು ಬಾಯಿಪಾಠ ಮಾಡಿಸುವ ಮೇಷ್ಟ್ರು ಮೊದಲನೆಯವರ ಪಕ್ಷ. ಕ್ ಮತ್ತು ಅ ಸೇರಿ ಕ ಎಂದು ಹಲಗೆಯ ಮೇಲೆ ಬಿಡಿಸಿ ತೋರಿಸುವ ವ್ಯಾಕರಣದ ಮೇಷ್ಟ್ರು ಎರಡನೆಯವರ ಪಕ್ಷ. ಕೀಲಿಮಣೆ ಚೆನ್ನಾಗಿ ನಡೆಯುತ್ತಿರುವವರೆಗೆ ಈ ಭಿನ್ನಾಭಿಪ್ರಾಯ ಹೊರಗೆ ಕಾಣುವುದಿಲ್ಲ. ಎರಡರಲ್ಲೂ ವಿಶ್ವೇಶ್ವರಯ್ಯನವರು ವಿಶ್ವೇಶ್ವರಯ್ಯನವರೇ.

ಮೂರನೆಯ ಪಕ್ಷವೊಂದಿದೆ, ಅದನ್ನು ನಾವು ಕಚೇರಿಯಲ್ಲಿ ದಿನವೂ ಕಾಣುತ್ತೇವೆ. ಕೇಂದ್ರ ಸರಕಾರದ ನೌಕರರಾದ ನಮಗೆ ರಾಜಭಾಷೆಯ ತರಬೇತಿಯಲ್ಲಿ ಹಿಂದಿ ಬೆರಳಚ್ಚನ್ನು ಕಲಿಸಿದ್ದು 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತದ ಲಿಪಿಗಳೆಲ್ಲಕ್ಕೂ ಒಂದೇ ಎಂದು ರೂಪಿಸಿದ ವಿನ್ಯಾಸವದು. ಎಡಗೈಗೆ ಸ್ವರಗಳು, ಬಲಗೈಗೆ ಬಹುಪಾಲು ವ್ಯಂಜನಗಳು; ಅಲ್ಪಪ್ರಾಣದ ಕೀಲಿಯಲ್ಲೇ ಶಿಫ್ಟ್ ಒತ್ತಿದರೆ ಮಹಾಪ್ರಾಣ; 'ಕ'ದ ಮೇಲಿನ ಸಾಲಿನಲ್ಲಿ 'ಗ', 'ತ'ದ ಮೇಲೆ 'ದ', 'ಪ'ದ ಮೇಲೆ 'ಬ'. ವರ್ಗಾಕ್ಷರಗಳ ಕೋಷ್ಟಕವನ್ನು ಕೀಲಿಮಣೆಯ ಮೇಲೆ ಹಾಸಿದ ಹಾಗಿದೆ. ಹಿಂದಿಗೆ ಕಲಿತ ಬೆರಳು ಕನ್ನಡಕ್ಕೂ ನಡೆಯುತ್ತದೆ, ಒಂದು ಕೀಲಿಯೂ ಬದಲಾಗದೆ. ಕಚೇರಿಯಲ್ಲಿ ಈ ಏಕರೂಪತೆಯ ಬಗ್ಗೆ ನಮಗೆ ಬೇರೆ ಬೇರೆ ದಿನ ಬೇರೆ ಬೇರೆ ಅಭಿಪ್ರಾಯವಿರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ವಿನ್ಯಾಸದ ಜಾಣ್ಮೆಯನ್ನು ಒಪ್ಪಲೇಬೇಕು.

ಆ ಜಾಣ್ಮೆಯ ಒಂದು ತುಣುಕು ನಮಗೆ ಹೊಳೆದದ್ದು ಈ ರಿಪೇರಿಯ ದಿನಗಳಲ್ಲಿ. ಇನ್‌ಸ್ಕ್ರಿಪ್ಟಿನಲ್ಲಿ ಗುಣಿತದ ಚಿಹ್ನೆಯೂ ಅದರ ಸ್ವರವೂ ಒಂದೇ ಕೀಲಿಯ ಕೆಳಮನೆ, ಮೇಲ್ಮನೆಗಳಲ್ಲಿರುತ್ತವೆ: ಎಫ್ ಕೀಲಿಯ ಕೆಳಗೆ ಗುಡಿಸು, ಶಿಫ್ಟಿನಲ್ಲಿ 'ಇ'. ಆದರೆ 'ಅ'ಕ್ಕೆ ಗುಣಿತದ ಚಿಹ್ನೆಯೇ ಇಲ್ಲವಲ್ಲ, ಅದು ವ್ಯಂಜನದೊಳಗೇ ಅಡಗಿದೆ. ಹಾಗಿದ್ದರೆ ಅದರ ಕೆಳಮನೆಯಲ್ಲಿ ಯಾರಿರಬೇಕು? ಅಲ್ಲಿ ಹಲಂತವನ್ನು ಕೂರಿಸಿದ್ದಾರೆ. 'ಡಿ' ಕೀಲಿಯನ್ನು ಹಾಗೇ ಒತ್ತಿದರೆ ಅಕಾರವನ್ನು ಅಳಿಸುವ ಚಿಹ್ನೆ, ಶಿಫ್ಟ್ ಹಿಡಿದು ಒತ್ತಿದರೆ ಅಕಾರವೇ. ಹತ್ತಾರು ವರ್ಷ ಆ ಕೀಲಿಯನ್ನು ಒತ್ತಿಯೂ ನಾವು ಇದನ್ನು ಗಮನಿಸಿರಲಿಲ್ಲ. ಅಂದಹಾಗೆ ನಮ್ಮ ಸತ್ತ ಎಫ್ ಕೀಲಿ ಇನ್‌ಸ್ಕ್ರಿಪ್ಟಿಗೆ ಬದಲಾಯಿಸಿಕೊಂಡರೆ ಒತ್ತುಗಳನ್ನು ಉಳಿಸಿ ಗುಡಿಸನ್ನು ನುಂಗುತ್ತದೆ. ಅಲ್ಲಿ ಅವರು 'ವಶ್ವೇಶ್ವರಯ್ಯ'. ಮೂರು ವಿನ್ಯಾಸ, ಮೂರು ಬಗೆಯ ಅಂಗವೈಕಲ್ಯ.

ಇನ್‌ಸ್ಕ್ರಿಪ್ಟಿನ ಹಿಂದೆ ಇದ್ದ ತತ್ತ್ವವೇ 1988ರ ಇಸ್ಕಿ ಸಂಕೇತಕ್ಕೂ, 1991ರಲ್ಲಿ ಪರಿಷ್ಕೃತವಾದ ಅದರ ರೂಪಕ್ಕೂ ಬುನಾದಿ. ಯುನಿಕೋಡಿನಲ್ಲಿ ಕನ್ನಡಕ್ಕೆ ದೊರೆತ ಮನೆಗಳ ಕ್ರಮವೂ ಇಸ್ಕಿಯಿಂದ ಬಂದದ್ದು. ಹಾಗಾಗಿ ಇಂದು ಬೆರಳು ಯಾವ ದಾರಿಯಲ್ಲಿ ಬಂದರೂ ಯಂತ್ರದೊಳಗೆ 'ನ್ನ' ಎಂಬುದು ನ, ಹಲಂತ, ನ ಎಂದೇ ದಾಖಲಾಗುತ್ತದೆ. ಒತ್ತಿನ ಆಕಾರವನ್ನು ಬರೆಯುವುದು ಫಾಂಟಿನ ಜವಾಬ್ದಾರಿ. ಇಲ್ಲಿಯೂ ಮುಂಬಯಿಯ ಒಂದು ಕೈ ಇದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ 'ತುಂಗಾ' ಫಾಂಟು ರೂಪುಗೊಂಡದ್ದು ರಘುನಾಥ ಕೃ. ಜೋಶಿಯವರ ನೇತೃತ್ವದಲ್ಲಿ. ಮರಾಠಿ ಕವಿ, ಅಕ್ಷರ ಕಲಾವಿದ, ಪವಯಿಯ ಐಐಟಿಯಲ್ಲಿ ವಿನ್ಯಾಸ ಕಲಿಸಿದ ಮೇಷ್ಟ್ರು ಜೋಶಿ. ಜುಹುವಿನ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಭಾರತೀಯ ಲಿಪಿಗಳ ಮೇಲೆ ಕೆಲಸ ಮಾಡಿ 2008ರಲ್ಲಿ ತೀರಿಕೊಂಡರು. ಗಡಿಯ ಮಾತು ಬಂದಾಗಲೆಲ್ಲ ಎರಡೂ ಕಡೆ ದನಿ ಏರುತ್ತದೆ. ಆ ದನಿಯೇರಿದ ಎಷ್ಟೋ ಕನ್ನಡ ಪತ್ರಗಳು ತೆರೆಯ ಮೇಲೆ ಮೂಡಿದ್ದು ಈ ಮರಾಠಿಗರ ಕೈಕೆಳಗೆ ಹದಗೊಂಡ ಅಕ್ಷರಗಳಲ್ಲಿ.

ಮಾರನೆಯ ಭಾನುವಾರ ಹಿರಿಯರ ಮನೆಗೆ ಹೋಗಿ ತಡವಾಗುವುದೆಂದು ತಿಳಿಸಿದೆವು. ಅವರು ನಕ್ಕರು. "ಒತ್ತಿನ ಕೀಲಿನs ಹೋತೇನ್ರಿ? ಒಂದs ಕೀಲಿ ಹೋದರ ಎಲ್ಲಾ ಒತ್ತು ಹ್ಯಾಂಗ ಹೊಕ್ಕಾವು?" ಅವರ ಆಶ್ಚರ್ಯ ಸಹಜವೇ. ಅವರ ಯಂತ್ರದಲ್ಲಿ ಕೀಲಿಯೆಂದರೆ ಒಂದು ಆಕಾರ. 'ನ'ಕ್ಕೊಂದು ಅಚ್ಚು, ನಾವತ್ತಿಗೆ ಇನ್ನೊಂದು ಅಚ್ಚು. ಎರಡಕ್ಕೂ ನಂಟಿದೆಯೆಂಬುದು ಯಂತ್ರಕ್ಕೆ ತಿಳಿಯದು. ಕೆಲವು ಕೀಲಿಗಳನ್ನು ಒತ್ತಿದರೆ ಅಚ್ಚು ಬೀಳುತ್ತಿತ್ತು, ಕ್ಯಾರೇಜ್ ಮಾತ್ರ ಸರಿಯುತ್ತಿರಲಿಲ್ಲ. ಗುಣಿತದ ಕೊಂಬು, ಬಾಲಗಳನ್ನು ಅಕ್ಷರದ ಮೈಗೆ ಅಂಟಿಸುವ ಉಪಾಯ. ಕನ್ನಡ ಬೆರಳಚ್ಚಿನ ಕೀಲಿಮಣೆಯನ್ನು ಹೊಂದಿಸಿದ ಕೀರ್ತಿ ಅನಂತಸುಬ್ಬರಾಯರದು. ನೂರಾರು ಆಕಾರಗಳ ಲಿಪಿಯನ್ನು ಇಂಗ್ಲಿಷಿಗಾಗಿ ಹುಟ್ಟಿದ ಸುಮಾರು ತೊಂಬತ್ತು ಅಚ್ಚುಗಳ ಚೌಕಟ್ಟಿಗೆ ಇಳಿಸಿದ ಆ ಕೆಲಸದ ಕಷ್ಟ ಇಂದು ನಮಗೆ ಅರ್ಥವಾಗುವುದಿಲ್ಲ. ಅಮೆರಿಕೆಯ ಶೋಲ್ಸ್ ಮತ್ತು ರೆಮಿಂಗ್ಟನ್ ಕಂಪೆನಿ 1874ರಲ್ಲಿ ಮಾರುಕಟ್ಟೆಗೆ ತಂದ ಯಂತ್ರದ ಅಕ್ಷರಕ್ರಮ ಇಂದಿಗೂ ನಮ್ಮ ಲ್ಯಾಪ್‌ಟಾಪುಗಳ ಮೇಲೆ ಕುಳಿತಿದೆ. ಕನ್ನಡದ ಆ ಬೆರಳಚ್ಚು ವಿನ್ಯಾಸಕ್ಕೆ ಅಂಥ ದೀರ್ಘಾಯುಷ್ಯ ದೊರೆಯಲಿಲ್ಲ.

ದುರಸ್ತಿಯ ಕಥೆಗಳನ್ನು ಹಿರಿಯರು ಮೂರು ಸುತ್ತಿನ ಚಹಾ ಮುಗಿಯುವವರೆಗೆ ಹೇಳಿದರು. ಮಸಿಯ ರಿಬ್ಬನ್ನಿನ ನೂಲು ಅಚ್ಚಿನ ಪೊಳ್ಳುಗಳಲ್ಲಿ ಕಟ್ಟಿಕೊಂಡರೆ 'ರ'ದ ಹೊಟ್ಟೆ ತುಂಬಿ ಅದು 'ಠ'ದಂತೆ ಕಾಣುತ್ತಿತ್ತಂತೆ. ಸಭೆಯ ವರದಿಯೊಂದರಲ್ಲಿ ಅಧ್ಯಕ್ಷರ ಹೆಸರಿನ 'ರಾಮ' 'ಠಾಮ'ನಾಗಿ ಅವರು ಎರಡು ತಿಂಗಳು ಮಾತು ಬಿಟ್ಟಿದ್ದರಂತೆ. ಮದ್ದು: ಹಳೆಯ ಹಲ್ಲುಜ್ಜುವ ಬ್ರಷ್, ಸೀಮೆಎಣ್ಣೆ, ಗುಂಡುಪಿನ್ನು. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಅಚ್ಚಿನ ಕೈಗಳು ಹೆಣೆದುಕೊಳ್ಳುತ್ತವೆ, ಬೆರಳಿನಿಂದ ಬಿಡಿಸಬೇಕು. ಕೈ ಬಾಗಿದರೆ ಇಕ್ಕುಳದಿಂದ ನೇರ ಮಾಡಬೇಕು. "ನಿಮ್ಮ ಯಂತ್ರ ಎಲ್ಲಿ ಕೆಟ್ಟೈತಿ ಅಂತ ಕಾಣಸೂದಿಲ್ಲ ನೋಡ್ರಿ, ನಮ್ಮದು ಕಾಣಸತಿತ್ತು" ಎಂದರು. ಅವರ ಸಂಘದ ಯಂತ್ರ ಗೋದ್ರೆಜ್. 1955ರಲ್ಲಿ ಸ್ವದೇಶೀ ಬೆರಳಚ್ಚು ಯಂತ್ರವನ್ನು ಹೊರತಂದ ಆ ಕಂಪೆನಿಯ ಕಾರ್ಖಾನೆಗಳ ಊರು ವಿಕ್ರೋಲಿ, ಅವರು ದಿನವೂ ಲೋಕಲಿನಲ್ಲಿ ಹಾದುಹೋಗುತ್ತಿದ್ದ ನಿಲ್ದಾಣ. 2009ರಲ್ಲಿ ಗೋದ್ರೆಜ್ ಬೆರಳಚ್ಚು ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಎರಡು ವರ್ಷ ಕಳೆದು ಜಗತ್ತಿನ ಪತ್ರಿಕೆಗಳಿಗೆ ಸುದ್ದಿ ಮುಟ್ಟಿ, ಲೋಕದ ಕೊನೆಯ ಬೆರಳಚ್ಚು ಕಾರ್ಖಾನೆ ಮುಚ್ಚಿತೆಂದು ಅತಿರಂಜಿತವಾಗಿ ಬರೆದವು. ಸಂಘದ ಯಂತ್ರವನ್ನು ಅದಕ್ಕೂ ಮೊದಲೇ ಗುಜರಿಗೆ ಹಾಕಿದ್ದರು. ಯಾರು ಹಾಕಿದರೆಂದು ಹಿರಿಯರು ಹೇಳಿದರು, ನಾವು ಬರೆಯುವುದಿಲ್ಲ.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ದಾದಾಸಾಹೇಬ ಭಡಕಮಕರ ಮಾರ್ಗವೆಂದು ಹಲಗೆಯಿದ್ದರೂ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಹಾಗೆ ಕೇಳಿದರೆ ದಾರಿ ಹೇಳುವವರು ಕಡಿಮೆ. ಮೊದಲ ಮಹಡಿಯ ಕಿಷ್ಕಿಂಧೆಯಲ್ಲಿ ಕುಳಿತ ಹುಡುಗ ಎಫ್ ಕೀಲಿಯ ಟೊಪ್ಪಿಗೆಯನ್ನು ಉಗುರಿನಿಂದ ಎಬ್ಬಿಸಿ, ಕತ್ತರಿಯಾಕಾರದ ಪ್ಲಾಸ್ಟಿಕ್ಕಿನ ಆಧಾರವನ್ನು ಸರಿಸಿ, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒತ್ತಿ ನೋಡಿದ. ಫಲವಿಲ್ಲ. ಈ ಮಾದರಿಯಲ್ಲಿ ಕೀಲಿಮಣೆಯನ್ನು ಮೇಲಿನ ಹೊದಿಕೆಗೇ ಪ್ಲಾಸ್ಟಿಕ್ ರಿವೆಟ್ಟುಗಳಿಂದ ಕಾಯಿಸಿ ಬೆಸೆದಿರುತ್ತಾರೆ, ಪೂರ್ತಿ ಹೊದಿಕೆಯನ್ನೇ ತರಿಸಬೇಕು, ಒಂದು ವಾರ ಎಂದ. ನಮ್ಮ ಮುಖ ನೋಡಿ ಸಮಾಧಾನಕ್ಕೆಂಬಂತೆ, "ಸಾಬ್, ಏಕ್ ಹೀ ಬಟನ್ ಹೈ ನಾ, ಚಲಾ ಲೋ" ಎಂದ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಅದು ನಿಜ. ಅವನಿಗೆ ನಾವು ಹಲಂತವನ್ನು ವಿವರಿಸಲು ಹೊರಟೆವು. ಅವನು ಸಹನೆಯಿಂದ ಕೇಳಿ, ತನ್ನ ಉಪಾಯವೊಂದನ್ನು ಹೇಳಿದ; ಪಾಂಡಿತ್ಯಕ್ಕಿಂತ ಅದು ಉಪಯೋಗಕ್ಕೆ ಬಂತು. ಒಂದು ಕೀಲಿಯ ಕೆಲಸವನ್ನು ಇನ್ನೊಂದಕ್ಕೆ ವಹಿಸಿಕೊಡುವ ಶಾರ್ಪ್‌ಕೀಸ್ ಎಂಬ ಉಚಿತ ತಂತ್ರಾಂಶವಿದೆ. ಯಾರಿಗೂ ಬೇಡದ ಕ್ಯಾಪ್ಸ್ ಲಾಕ್ ಕೀಲಿಗೆ ಎಫ್ ಎಂದು ಹೆಸರಿಟ್ಟು ಯಂತ್ರವನ್ನು ಮತ್ತೆ ಎಬ್ಬಿಸಿದರೆ, ಅಂದಿನಿಂದ ಕ್ಯಾಪ್ಸ್ ಲಾಕೇ ಎಫ್. ಯಂತ್ರವನ್ನು ಮನೆಯಲ್ಲಿಟ್ಟುಕೊಂಡೇ ಕಾಯಬಹುದು.

ಹೊದಿಕೆ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ನಮ್ಮ ಹಲಂತ ತೋರುಬೆರಳಿನಿಂದ ಕಿರುಬೆರಳಿಗೆ ವರ್ಗವಾಗಿತ್ತು. ಮೊದಲ ಸಂಜೆ ನಾಲ್ಕು ಸಾಲಿಗೆ ಅರ್ಧ ಗಂಟೆ ಬೇಕಾಯಿತು. ಪ್ರತಿ ಒತ್ತಕ್ಷರದ ಮುಂದೆ ಕೈ ತಡೆದು ನಿಲ್ಲುತ್ತಿತ್ತು. ಆಗಲೇ ಗಮನಕ್ಕೆ ಬಂದದ್ದು, ಹಿರಿಯರು ಬಾಲ್ಯದ ಹಳ್ಳಿಯನ್ನು ಬರೆದ ಪುಟಗಳಲ್ಲಿ ಹೆಚ್ಚಿನ ಒತ್ತುಗಳು ಅಜ್ಜ, ಅವ್ವ, ಹೊಟ್ಟೆ, ಎತ್ತು, ರೊಟ್ಟಿ ಎಂಬ ಸಜಾತಿಯ ಜೋಡಿಗಳು; ಮುಂಬಯಿಯ ಸಂಘ, ಸಭೆಗಳ ಪುಟಗಳಲ್ಲಿ ಅಧ್ಯಕ್ಷ, ಕಾರ್ಯಕ್ರಮ, ಉದ್ಘಾಟನೆ ಎಂಬ ವಿಜಾತಿಯ ಹೆಣಿಗೆಗಳು. ಓದುವಾಗ ಕಾಣದ ಈ ವ್ಯತ್ಯಾಸ ನೋಯುತ್ತಿದ್ದ ಕಿರುಬೆರಳಿಗೆ ತಿಳಿಯಿತು. ಏಳನೆಯ ದಿನಕ್ಕೆ ಕೈ ಪಳಗಿತು. ಹೊಸ ಕೀಲಿಮಣೆ ಬಂದ ಮೇಲೂ ಒಂದು ವಾರ ಕಿರುಬೆರಳು ಕ್ಯಾಪ್ಸ್ ಲಾಕಿಗೆ ಹೋಗಿ, ಮಹಾಪ್ರಾಣಗಳೆಲ್ಲ ಅಡ್ಡಾದಿಡ್ಡಿ ಮೂಡಿದವು.

ಚೌತಿಗೆ ಎರಡು ದಿನ ಮೊದಲು ಮುದ್ರಿತ ಪ್ರತಿಯನ್ನು ಹಿರಿಯರಿಗೆ ಮುಟ್ಟಿಸಿದೆವು. ಕೈಮಸೂರ ಹಿಡಿದು ನಾಲ್ಕು ದಿನ ಓದಿ, ಕೆಂಪು ಪೆನ್ಸಿಲಿನಲ್ಲಿ ಹನ್ನೊಂದು ಕಡೆ ಗುರುತು ಮಾಡಿದರು. ಮೊದಲ ರಾತ್ರಿಯ ಆ ಮೂರು ಪುಟಗಳಲ್ಲಿ ನಾವು ತಿದ್ದಲು ಮರೆತ ಒತ್ತುಗಳು ಮೂರು. ಎರಡನ್ನು ಅವರು ಸುತ್ತು ಹಾಕಿ ತೋರಿಸಿದ್ದರು. ಮೂರನೆಯದು, 'ಜನ್ಮ' ಎಂದಿರಬೇಕಾದದ್ದು 'ಜನಮ' ಎಂದಾಗಿದ್ದು, ಗುರುತಿಲ್ಲದೆ ಉಳಿದಿತ್ತು. ಕಣ್ಣಿಗೆ ಬೀಳಲಿಲ್ಲವೇನೋ ಎಂದು ನಾವೇ ಬೆರಳಿಟ್ಟು ತೋರಿಸಿದೆವು.

"ಕಂಡೈತ್ರಿ. ಅದು ಇರಲಿ ಬಿಡ್ರಿ" ಎಂದರು. "ನಮ್ಮ ಅಜ್ಜಿ ಹಾಂಗs ಅಂತಿದ್ದಳು."

ಪುಟ 83ರಲ್ಲಿ ಅದು ಹಾಗೆಯೇ ಇದೆ.